ಮಾತು ತಡವಾದ ಮಗು ಮತ್ತು ನಮ್ಮ ಮನೋಭಾವ

(ಬೋಗಾದಿಯಲ್ಲಿ ನಡೆದ ಕುಟುಂಬ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಬೋಗಾದಿಯಿಂದ ನಗರದ ಕಡೆಗೆ ಹೊರಟರೆ, ಇದೇ ರಸ್ತೆಯಲ್ಲಿ ಮಾನಸಗಂಗೋತ್ರಿಯ ಮಗ್ಗುಲಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಊರಿನವರು ಅದನ್ನು ಸ್ಪೀಚ್ ಆ್ಯಂಡ್ ಹಿಯರಿಂಗ್ ಎಂದೇ ಕರೆಯುತ್ತಾರೆ. 1965ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಗೆ ದೇಶದ ನಾನಾ ಭಾಗಗಳಿಂದ ಜನರು ರೈಲು ಹತ್ತಿ, ಬಾಡಿಗೆ ಕೋಣೆ ಹಿಡಿದು, ಮಕ್ಕಳನ್ನು ಎತ್ತಿಕೊಂಡು ಬರುತ್ತಾರೆ. ಮೈಸೂರಿನಲ್ಲಿರುವ ನಮಗಾದರೋ ಅದು ಒಂದು ಆಟೋ ಪ್ರಯಾಣದಷ್ಟು ದೂರ. ಹೀಗಿದ್ದೂ, ಕಿವಿ ಕೇಳಿಸದ ಮಗುವೊಂದು ನಮ್ಮದೇ ಊರಿನ ಮನೆಯಿಂದ ಆ ಬಾಗಿಲನ್ನು ತಲುಪಲು ಕೆಲವೊಮ್ಮೆ ಎರಡು ಮೂರು ವರ್ಷಗಳೇ ಹಿಡಿಯುವುದುಂಟು. ಇದೇಕೆ? ಈ ಪ್ರಶ್ನೆಗೆ ಉತ್ತರ ವೈದ್ಯಶಾಸ್ತ್ರದಲ್ಲಿಲ್ಲ. ಅದು ಮನುಷ್ಯರ ಮನೋಭಾವಗಳನ್ನು ಕುರಿತು ಅಧ್ಯಯನ ಮಾಡುವ ಸಾಮಾಜಿಕ ಮನಃಶಾಸ್ತ್ರದಲ್ಲಿದೆ. ಮೈಸೂರು ವಿಶ್ವವಿದ್ಯಾನಿಲಯವು 1924ರಷ್ಟು ಹಿಂದೆಯೇ, ಎಂ.ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ಮನಃಶಾಸ್ತ್ರ ವಿಭಾಗವನ್ನು ತೆರೆದಿತ್ತು. 1935ರಲ್ಲಿ ಮೈಸೂರಿನಲ್ಲಿ ‘ಆಕಾಶವಾಣಿ’ ಎಂಬ ಬಾನುಲಿಯನ್ನು ಆರಂಭಿಸಿದವರೂ ಅವರೇ. ಮನಸ್ಸನ್ನೂ ಮಾತನ್ನೂ ಅರಿಯುವ ವಿದ್ಯೆಗೆ ಈ ಊರು ಹೊಸದಲ್ಲ.

ಮನೋಭಾವವೆಂದರೆ ಏನು? ಒಂದು ವಿಷಯದ ಬಗ್ಗೆ ನಾವು ಏನು ನಂಬಿದ್ದೇವೆ, ಅದನ್ನು ಕಂಡಾಗ ನಮಗೆ ಏನನ್ನಿಸುತ್ತದೆ, ಅದರ ಎದುರಲ್ಲಿ ಏನು ಮಾಡಲು ನಾವು ಸಿದ್ಧರಿದ್ದೇವೆ ಎಂಬ ಮೂರೂ ಸೇರಿ ಆಗಿರುವ ಒಂದು ಒಲವು. ಅದನ್ನು ಯಾರೂ ಹುಟ್ಟುವಾಗ ತರುವುದಿಲ್ಲ. ಮನೆಯಲ್ಲಿ, ಬೀದಿಯಲ್ಲಿ, ಶಾಲೆಯಲ್ಲಿ ಕಲಿಯುತ್ತೇವೆ. ಕಿವುಡ, ಮೂಗ, ತೊದಲ ಎಂಬ ಪದಗಳನ್ನು, ನಮ್ಮ ದಖ್ಖನಿಯಲ್ಲಿ ಬೆಹ್ರಾ, ಗೂಂಗಾ, ಹಕ್ಲಾ ಎಂಬ ಪದಗಳನ್ನು, ಮಗುವು ಅಂತಹ ಒಬ್ಬ ವ್ಯಕ್ತಿಯನ್ನು ಭೇಟಿಯಾಗುವ ಮೊದಲೇ ಬೈಗುಳವಾಗಿ ಕಲಿತಿರುತ್ತದೆ. ಸರಕಾರ ಜನರ ಅಹವಾಲು ಕೇಳದಿದ್ದಾಗ ‘ಜಾಣಕಿವುಡು’ ಎಂದು ಪತ್ರಿಕೆಗಳು ಬರೆಯುತ್ತವೆ. ಕೇಳಿಸಿಯೂ ಕೇಳದಂತಿರುವ ಮಂತ್ರಿಯ ದೋಷಕ್ಕೆ, ಕೇಳಿಸದೇ ಇರುವ ಬಡಪಾಯಿಯ ಹೆಸರೇಕೆ?

ಈಗ ಒಂದು ಮನೆಯನ್ನು ಊಹಿಸಿಕೊಳ್ಳಿ. ಮಗು ಹುಟ್ಟಿದೆ, ಆರೋಗ್ಯವಾಗಿದೆ, ಅಳುತ್ತದೆ, ನಗುತ್ತದೆ, ಆಂ ಊಂ ಎಂದು ಸದ್ದು ಮಾಡುತ್ತದೆ. ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ಪೂರ್ತಿ ಕಿವುಡಾಗಿರುವ ಮಗುವೂ ಮೊದಲ ತಿಂಗಳುಗಳಲ್ಲಿ ಹೀಗೆಯೇ ಸದ್ದು ಮಾಡುತ್ತದೆ. ಬಾಗಿಲು ಜೋರಾಗಿ ಬಡಿದಾಗ ನೆಲದ ಕಂಪನಕ್ಕೆ ಬೆಚ್ಚುತ್ತದೆ. ತಾಯಿಯ ನೆರಳು ಕಂಡೊಡನೆ ತಿರುಗುತ್ತದೆ. ಆದ್ದರಿಂದ ಮನೆಯವರು, ‘ನೋಡಿ, ಕರೆದರೆ ತಿರುಗುತ್ತದೆ’ ಎನ್ನುತ್ತಾರೆ. ಒಂದೂವರೆ ವರ್ಷವಾದರೂ ಮಾತು ಬರದಿದ್ದಾಗ ದಾದಿ ಹೇಳುತ್ತಾರೆ: ‘ಇವನ ಅಬ್ಬಾ ಕೂಡಾ ನಾಲ್ಕು ವರ್ಷಕ್ಕೆ ಮಾತಾಡಿದ್ದು. ಗಂಡು ಮಕ್ಕಳಿಗೆ ತಡವಾಗುತ್ತದೆ.’ ದಾದಿಯ ಮಾತು ಸುಳ್ಳಲ್ಲ. ತಡವಾಗಿ ಮಾತಾಡಿ ಸರಿಹೋದ ಮಕ್ಕಳನ್ನು ಅವರು ನಿಜವಾಗಿಯೂ ಕಂಡಿದ್ದಾರೆ. ಆದರೆ ಮಾತು ಬಾರದೇ ಉಳಿದ ಮಕ್ಕಳ ಕಥೆಯನ್ನು ಯಾರೂ ಮದುವೆ ಮನೆಯಲ್ಲಿ ಕುಳಿತು ಹೇಳುವುದಿಲ್ಲ. ಅವರು ಹಿಂದಿನ ಕೋಣೆಯಲ್ಲಿ ಬೆಳೆದು, ಯಾರದೋ ಅಂಗಡಿಯಲ್ಲಿ ಸಾಮಾನು ಹೊತ್ತು ಬದುಕುತ್ತಾರೆ. ಸರಿಹೋದವರ ಕಥೆ ಮಾತ್ರ ನೆನಪಿನಲ್ಲಿ ಉಳಿಯುತ್ತದೆ, ಆ ನೆನಪಿನಿಂದಲೇ ಮನೋಭಾವ ಕಟ್ಟಿಕೊಳ್ಳುತ್ತದೆ.

ಇತ್ತ ವಿಜ್ಞಾನ ಹೇಳುವುದೇನು? ಒಂದು ತಿಂಗಳೊಳಗೆ ಕಿವಿಯ ತಪಾಸಣೆಯಾಗಬೇಕು, ಮೂರು ತಿಂಗಳೊಳಗೆ ದೋಷ ಖಚಿತವಾಗಬೇಕು, ಆರು ತಿಂಗಳೊಳಗೆ ಚಿಕಿತ್ಸೆ ಮತ್ತು ತರಬೇತಿ ಆರಂಭವಾಗಬೇಕು. ಭಾಷೆಯನ್ನು ಹಿಡಿದಿಟ್ಟುಕೊಳ್ಳುವ ಮಿದುಳಿನ ಶಕ್ತಿ ಮೊದಲ ಕೆಲವು ವರ್ಷಗಳಲ್ಲಿ ಅತ್ಯಂತ ಚುರುಕಾಗಿರುತ್ತದೆ. ನವಜಾತ ಶಿಶುವಿನ ಮೊದಲ ಪರೀಕ್ಷೆಯೋ ತೀರಾ ಸರಳ. ಮಲಗಿರುವ ಮಗುವಿನ ಕಿವಿಗೆ ಪುಟ್ಟ ನಳಿಕೆಯನ್ನಿಟ್ಟು ಮೆಲುಸದ್ದು ಕೇಳಿಸುತ್ತಾರೆ. ಆರೋಗ್ಯವಾಗಿರುವ ಒಳಕಿವಿ ಅದಕ್ಕೆ ತಾನೇ ಒಂದು ಸೂಕ್ಷ್ಮ ಪ್ರತಿಧ್ವನಿ ಕೊಡುತ್ತದೆ. ಕೆಲವೇ ನಿಮಿಷಗಳ ಕೆಲಸ, ಸೂಜಿಯಿಲ್ಲ, ನೋವಿಲ್ಲ. ಆರು ತಿಂಗಳು ಮತ್ತು ‘ಗಂಡು ಮಕ್ಕಳಿಗೆ ತಡ’ ಎಂಬ ನಾಲ್ಕು ವರ್ಷ, ಇವೆರಡರ ನಡುವಿನ ಅಂತರದಲ್ಲಿ ಕಳೆದು ಹೋಗುವುದು ಒಂದು ಮಗುವಿನ ಭಾಷೆ.

ಹಾಗಾದರೆ ಜನರಿಗೆ ತಿಳಿವಳಿಕೆ ಕೊಟ್ಟರೆ ಸಾಕಲ್ಲವೇ ಎಂದು ನೀವು ಕೇಳಬಹುದು. ಬಹುತೇಕ ಜಾಗೃತಿ ಕಾರ್ಯಕ್ರಮಗಳು ಈ ನಂಬಿಕೆಯ ಮೇಲೆಯೇ ನಿಂತಿವೆ. ಆದರೆ ಮನುಷ್ಯನ ಮಾತು ಮತ್ತು ನಡೆ ಒಂದೇ ದಾರಿಯಲ್ಲಿ ಸಾಗುವುದಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಲಾಪಿಯೆರ್ 1930ರ ದಶಕದ ಆರಂಭದಲ್ಲಿ ಚೀನಾ ಮೂಲದ ಯುವ ದಂಪತಿಗಳೊಂದಿಗೆ ಆ ದೇಶವನ್ನು ಸುತ್ತಿದರು. ಚೀನೀಯರ ವಿರುದ್ಧ ಅಲ್ಲಿ ಕಡು ದ್ವೇಷವಿದ್ದ ಕಾಲವದು. ಆದರೂ 251 ವಸತಿಗೃಹ ಮತ್ತು ಹೋಟೆಲುಗಳ ಪೈಕಿ ಒಂದೇ ಒಂದು ಕಡೆ ಅವರನ್ನು ಹೊರಗೆ ಕಳಿಸಲಾಯಿತು. ಆಮೇಲೆ ಅದೇ ಹೋಟೆಲುಗಳಿಗೆ ಪತ್ರ ಬರೆದು, ‘ಚೀನೀಯರನ್ನು ಅತಿಥಿಗಳಾಗಿ ಸ್ವೀಕರಿಸುವಿರಾ?’ ಎಂದು ಕೇಳಿದರೆ, ಉತ್ತರಿಸಿದವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಇಲ್ಲವೆಂದರು! 1934ರಲ್ಲಿ ಪ್ರಕಟವಾದ ಈ ಅಧ್ಯಯನ ಇಂದಿಗೂ ಪಾಠಗಳಲ್ಲಿದೆ. ನಮ್ಮ ಮನೆಗಳಲ್ಲಿ ಇದು ತಿರುವುಮುರುವಾಗಿದೆ. ಮಗುವಿಗೆ ಚಿಕಿತ್ಸೆ ಕೊಡಿಸಬೇಕೇ ಎಂದು ಕೇಳಿದರೆ ಬೇಡವೆನ್ನುವವರು ಒಬ್ಬರೂ ಇಲ್ಲ. ಆದರೆ ಆಟೋ ಮಾತ್ರ ಹೊರಡುವುದಿಲ್ಲ.

ಏಕೆ ಹೊರಡುವುದಿಲ್ಲ ಎಂಬುದನ್ನು ವಿವರಿಸಲು ಐಸೆಕ್ ಅಜ್ಜೆನ್ ಎಂಬ ವಿದ್ವಾಂಸರು 1991ರಲ್ಲಿ ಮಂಡಿಸಿದ ಒಂದು ಚೌಕಟ್ಟು ಉಪಯುಕ್ತವಾಗಿದೆ. ಒಂದು ಕೆಲಸ ಮಾಡಬೇಕೆಂಬ ಸಂಕಲ್ಪವು ನಮ್ಮ ಸ್ವಂತ ಮನೋಭಾವವೊಂದರಿಂದಲೇ ಹುಟ್ಟುವುದಿಲ್ಲ. ನಮಗೆ ಬೇಕಾದವರು ಏನೆನ್ನುವರು ಎಂಬ ಲೆಕ್ಕಾಚಾರ ಅದರ ಜೊತೆಗಿರುತ್ತದೆ. ಆ ಕೆಲಸ ನಮ್ಮ ಕೈಯಲ್ಲಿದೆಯೇ ಎಂಬ ಅಂದಾಜೂ ಇರುತ್ತದೆ. ಮೊಹಲ್ಲಾದ ಒಬ್ಬ ತಾಯಿಯ ಸ್ಥಾನದಲ್ಲಿ ನಿಂತು ನೋಡಿ. ಆಕೆಗೆ ಸಂಶಯ ಬಂದಿದೆ, ಹೋಗಬೇಕೆಂಬ ಮನಸ್ಸೂ ಇದೆ. ಆದರೆ ಮನೆಯಲ್ಲಿ ಮದುವೆಗೆ ಬಂದಿರುವ ನಾದಿನಿಯಿದ್ದಾಳೆ. ‘ಆ ಮನೆಯಲ್ಲಿ ಕಿವುಡು ಮಗುವಿದೆಯಂತೆ’ ಎಂಬ ಮಾತು ಹರಡಿದರೆ ರಿಶ್ತಾ ತಪ್ಪಿಹೋಗಬಹುದು. ಅತ್ತೆ ತಡೆಯುತ್ತಾರೆ. ಗಂಡ ಬೀಡಿ, ಅಗರಬತ್ತಿ ಅಥವಾ ಗ್ಯಾರೇಜು ಕೆಲಸದವನಾದರೆ ಒಂದು ದಿನ ರಜೆಯೆಂದರೆ ಒಂದು ದಿನದ ಕೂಲಿ ಇಲ್ಲ. ಒಬ್ಬಳೇ ಹೋಗಿ, ಇಂಗ್ಲಿಷ್ ಫಲಕಗಳನ್ನು ಓದಿ, ಚೀಟಿ ಮಾಡಿಸಿ, ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಅಲೆಯುವ ಧೈರ್ಯ ಆಕೆಗೆ ಯಾರೂ ಕೊಟ್ಟಿಲ್ಲ. ಹೀಗಿರುವಾಗ ಆ ತಾಯಿಯ ಮುಂದೆ ಕರಪತ್ರ ಹಿಡಿದು ‘ಎಚ್ಚೆತ್ತುಕೊಳ್ಳಿ’ ಎಂದು ಹೇಳುವುದರಲ್ಲಿ ಏನು ಅರ್ಥವಿದೆ? ಆಕೆ ಎಚ್ಚರವಾಗಿಯೇ ಇದ್ದಾಳೆ.

ಇನ್ನೊಂದು ವಿಷಯ. ಭಯವಿದ್ದಲ್ಲಿ ಕಥೆಗಳು ಹುಟ್ಟುತ್ತವೆ. 1934ರ ಜನವರಿಯಲ್ಲಿ ಬಿಹಾರದಲ್ಲಿ ಭೀಕರ ಭೂಕಂಪವಾಯಿತು. ಅದರ ನಂತರ ಹಬ್ಬಿದ ವದಂತಿಗಳನ್ನು ಜಮುನಾ ಪ್ರಸಾದ್ ಎಂಬ ಮನಃಶಾಸ್ತ್ರಜ್ಞರು ಸಂಗ್ರಹಿಸಿ 1935ರಲ್ಲಿ ಪ್ರಕಟಿಸಿದರು. ಕಂಪನದ ಅನುಭವವಾಗಿದ್ದರೂ ಹಾನಿಗೊಳಗಾಗದ ಊರುಗಳಲ್ಲಿ, ಇದಕ್ಕಿಂತಲೂ ಘೋರವಾದುದು ಇನ್ನು ಬರಲಿದೆಯೆಂಬ ವದಂತಿಗಳು ಹಬ್ಬಿದ್ದವು. ಜನರು ತಮ್ಮ ಹೆದರಿಕೆಯನ್ನು ಹೆಚ್ಚಿಸುವ ವದಂತಿಗಳನ್ನು ತಾವೇ ಏಕೆ ಹುಟ್ಟಿಸುತ್ತಾರೆ? ಲಿಯಾನ್ ಫೆಸ್ಟಿಂಜರ್ ಎಂಬ ಅಮೆರಿಕನ್ ವಿದ್ವಾಂಸರು ಇದರ ಬಗ್ಗೆ ಯೋಚಿಸುತ್ತಾ, ಭಯ ಮೊದಲೇ ಇತ್ತು, ವದಂತಿಯು ಆ ಭಯಕ್ಕೆ ಒಂದು ಕಾರಣ ಒದಗಿಸಿತು ಎಂದು ಕಂಡುಕೊಂಡರು. 1957ರಲ್ಲಿ ಅವರು ಮಂಡಿಸಿದ ಪ್ರಸಿದ್ಧ ಸಿದ್ಧಾಂತದ ಬೀಜ ಹೀಗೆ ನಮ್ಮ ಬಿಹಾರದಿಂದ ಹೋದದ್ದು. ಒಂದಕ್ಕೊಂದು ಹೊಂದದ ಎರಡು ಸಂಗತಿಗಳನ್ನು ಮನಸ್ಸು ಬಹಳ ಕಾಲ ಹೊತ್ತು ನಿಲ್ಲಲಾರದು, ಯಾವುದಾದರೊಂದನ್ನು ಬದಲಾಯಿಸಿ ಹೊಂದಿಸಿಕೊಳ್ಳುತ್ತದೆ ಎಂಬುದು ಅದರ ಸಾರ.

ಇದನ್ನು ಮತ್ತೆ ಆ ಮನೆಗೆ ಅನ್ವಯಿಸಿ. ಎರಡು ವರ್ಷ ಕಾದಾಗಿದೆ. ಈಗ ಯಾರಾದರೂ ಬಂದು ‘ಮಗುವಿಗೆ ಕಿವಿ ಕೇಳಿಸುವುದಿಲ್ಲ’ ಎಂದರೆ, ‘ನಾವು ಒಳ್ಳೆಯ ತಂದೆ ತಾಯಿ’ ಎಂಬ ನಂಬಿಕೆ ಮತ್ತು ‘ಎರಡು ವರ್ಷ ವ್ಯರ್ಥವಾಯಿತು’ ಎಂಬ ಸತ್ಯ ಎದುರುಬದುರಾಗುತ್ತವೆ. ಮೊದಲನೆಯದನ್ನು ಬಿಡಲು ಯಾವ ತಂದೆ ತಾಯಿಗೂ ಆಗದು. ಎರಡನೆಯದನ್ನು ಅಲ್ಲಗಳೆಯುವುದು ಸುಲಭ: ‘ಡಾಕ್ಟರಿಗೆ ಏನು ಗೊತ್ತು, ಮೊನ್ನೆ ಪಟಾಕಿ ಸದ್ದಿಗೆ ಅತ್ತಿತ್ತು.’ ತಡವಾದಷ್ಟೂ ಹಟ ಬಲಿಯುವುದು ಇದೇ ಕಾರಣದಿಂದ. ಗದರಿಸುವುದೇ ಸುಧಾರಣೆಯೆಂದು ಭಾವಿಸಿರುವವರು ಸಮುದಾಯದ ವೇದಿಕೆಗಳಲ್ಲಿ ಕಡಿಮೆಯಿಲ್ಲ. ‘ನೀವು ಅಜ್ಞಾನಿಗಳು, ಮಕ್ಕಳ ಬದುಕು ಹಾಳು ಮಾಡಿದಿರಿ’ ಎಂದು ಗದರಿಸಿದರೆ ಆ ಮನೆಯ ಬಾಗಿಲು ಇನ್ನಷ್ಟು ಭದ್ರವಾಗಿ ಮುಚ್ಚಿಕೊಳ್ಳುತ್ತದೆ. ‘ನಿಮಗೆ ತಿಳಿಯದಂತೆಯೇ ಈ ದೋಷ ಅಡಗಿರುತ್ತದೆ, ಈಗ ತಿಳಿಯಿತಲ್ಲ, ನಾಳೆ ಹೋಗೋಣ’ ಎಂದರೆ, ಅವರು ಒಳ್ಳೆಯ ತಂದೆ ತಾಯಿಯಾಗಿಯೇ ಉಳಿದು ಹೊರಡಬಹುದು.

ಕಿವುಡುತನಕ್ಕೆ ಯಾರು ಕಾರಣ ಎಂಬ ಪ್ರಶ್ನೆ ಬಂದಾಗ ನಮ್ಮ ಮನೆಗಳ ಧೋರಣೆ ಇನ್ನೂ ಕಠಿಣವಾಗುತ್ತದೆ. ಆಪಾದನೆಯ ಬೆರಳು ಬಹುತೇಕ ತಾಯಿಯತ್ತಲೇ. ತವರಿಗೆ ಕಳಿಸುವ, ಇನ್ನೊಂದು ನಿಕಾಹ್‌ನ ಮಾತೆತ್ತುವ ಕ್ರೌರ್ಯವೂ ಉಂಟು. ವಾಸ್ತವವೇನು? ಹುಟ್ಟುಕಿವುಡಿಗೆ ಅವಧಿಗೆ ಮುನ್ನ ಹೆರಿಗೆ, ತೀವ್ರ ಕಾಮಾಲೆ, ಗರ್ಭಿಣಿಗೆ ತಗಲಿದ ರುಬೆಲ್ಲಾ ಸೋಂಕು ಇತ್ಯಾದಿ ಅನೇಕ ಕಾರಣಗಳಿವೆ. ಆನುವಂಶಿಕ ಕಾರಣವೂ ದೊಡ್ಡದು. ಅದರಲ್ಲಿ ಬಹುಪಾಲು, ತಂದೆ ತಾಯಿ ಇಬ್ಬರಿಂದಲೂ ಒಂದೊಂದು ದೋಷಯುಕ್ತ ಜೀನ್ ಮಗುವಿಗೆ ಬಂದಾಗ ಮಾತ್ರ ಪ್ರಕಟವಾಗುವಂಥದ್ದು. ಇಬ್ಬರಿಗೂ ಕಿವಿ ಚೆನ್ನಾಗಿಯೇ ಕೇಳಿಸುತ್ತಿರುತ್ತದೆ. ಆದರೆ ಪ್ರತಿ ಗರ್ಭದಲ್ಲೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ ಇರುತ್ತದೆ. ಗಂಡನ ಪಾಲಿಲ್ಲದೆ ಇದು ಸಂಭವಿಸುವುದೇ ಇಲ್ಲ! ರಕ್ತಸಂಬಂಧದಲ್ಲಿ ಮದುವೆಯಾದಾಗ ಇಬ್ಬರಲ್ಲೂ ಒಂದೇ ಜೀನ್ ಇರುವ ಸಂಭವ ಹೆಚ್ಚು. ದಕ್ಷಿಣ ಭಾರತದಲ್ಲಿ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ಪದ್ಧತಿ ಹಿಂದೂಗಳಲ್ಲೂ ಇದೆ, ನಮ್ಮಲ್ಲಿ ಚಿಕ್ಕಪ್ಪ ದೊಡ್ಡಪ್ಪಂದಿರ ಮಕ್ಕಳ ನಡುವೆಯೂ ಸಂಬಂಧ ನಡೆಯುತ್ತದೆ. ಧರ್ಮವು ಇದನ್ನು ನಿಷೇಧಿಸಿಲ್ಲ ಎಂಬುದು ನಿಜ. ಆದರೆ ಅನುಮತಿಯನ್ನು ಆಜ್ಞೆಯೆಂಬಂತೆ ನಡೆಸಿಕೊಂಡು ಬರುವುದು ನಮ್ಮ ರೂಢಿ. ಈಗಾಗಲೇ ಕುಟುಂಬದಲ್ಲಿ ಹುಟ್ಟುಕಿವುಡು ಇರುವಾಗ, ಮುಂದಿನ ಸಂಬಂಧವನ್ನು ಮತ್ತೆ ಅದೇ ಮನೆತನದಲ್ಲಿ ಬೆಸೆಯುವ ಮೊದಲು ತಜ್ಞರನ್ನು ಕೇಳುವುದರಲ್ಲಿ ತಪ್ಪೇನಿದೆ?

ರುಬೆಲ್ಲಾದ ಮಾತು ಬಂದದ್ದರಿಂದ ಹೇಳುತ್ತೇವೆ. 2017ರ ಫೆಬ್ರವರಿಯಲ್ಲಿ ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ಆರಂಭವಾದಾಗ, ದಕ್ಷಿಣದ ಹಲವು ಕಡೆ ವಾಟ್ಸಪ್ಪಿನಲ್ಲಿ ವದಂತಿಗಳು ಹರಿದಾಡಿದವು. ಒಂಬತ್ತು ವರ್ಷದ ಹುಡುಗಿಗೆ ಅಂದು ಕೊಟ್ಟ ಲಸಿಕೆ, ಮುಂದೆ ಅವಳು ತಾಯಿಯಾದಾಗ ಅವಳ ಮಗುವಿನ ಕಿವಿಯನ್ನು ಕಾಯುವಂಥದ್ದು. ಆದರೆ ಸೂಜಿ ಕಣ್ಣಿಗೆ ಕಾಣುತ್ತದೆ, ಹದಿನೈದು ವರ್ಷದ ನಂತರದ ಮಗು ಕಾಣುವುದಿಲ್ಲ. ಪೋಲಿಯೋ ವಿಷಯದಲ್ಲೂ ಹೀಗೆಯೇ ಆಗಿತ್ತು. 2002ರಲ್ಲಿ ದೇಶದಲ್ಲಿ 1,600 ಪೋಲಿಯೋ ಪ್ರಕರಣಗಳು ದಾಖಲಾದವು, ಹೆಚ್ಚಿನವು ಉತ್ತರ ಪ್ರದೇಶದಲ್ಲಿ. ಅಲ್ಲಿಯ ಅನೇಕ ಮುಸ್ಲಿಮ್ ಮೊಹಲ್ಲಾಗಳು ಲಸಿಕೆಯ ಹನಿಯನ್ನು ಸಂತಾನಹರಣದ ಸಂಚೆಂದು ನಂಬಿದ್ದವು. ಅದನ್ನು ಬರಿಯ ಮೌಢ್ಯವೆಂದು ತಳ್ಳಿಹಾಕಿದವರು ತುರ್ತುಪರಿಸ್ಥಿತಿಯ ಕಾಲದ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆಗಳನ್ನು ಮರೆತಿದ್ದರು. ಸರಕಾರದ ಬಗೆಗಿನ ಮನೋಭಾವವನ್ನು ಸರಕಾರವೇ ರೂಪಿಸಿತ್ತು. ಬದಲಾವಣೆ ತಂದವರು ಮನೆ ಮನೆಗೆ ನಡೆದ ಅದೇ ಮೊಹಲ್ಲಾದ ಮಹಿಳೆಯರು, ಮಸೀದಿಯಿಂದ ಕರೆಕೊಟ್ಟ ಇಮಾಮರು, ಅಲೀಗಢ ಮತ್ತು ಜಾಮಿಯಾ ಮಿಲ್ಲಿಯಾ ವಿಶ್ವವಿದ್ಯಾಲಯಗಳ ಜನರು. ಹೇಳಿದ ವಿಷಯ ಮೊದಲಿನದ್ದೇ, ಹೇಳಿದವರು ಬೇರೆ. ದೇಶದ ಕೊನೆಯ ಪೋಲಿಯೋ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ ದಾಖಲಾಯಿತು, 2014ರ ಮಾರ್ಚ್ 27ರಂದು ಭಾರತ ಪೋಲಿಯೋಮುಕ್ತವೆಂಬ ಪ್ರಮಾಣಪತ್ರ ದೊರೆಯಿತು.

ಮನೋಭಾವ ಬದಲಾದ ಮೇಲೆ ನಡತೆ ಬದಲಾಗುತ್ತದೆ ಎಂದು ನಾವು ಸಾಮಾನ್ಯವಾಗಿ ಎಣಿಸುತ್ತೇವೆ. ಅನೇಕ ಸಲ ನಡೆಯುವುದು ಇದರ ಹಿಮ್ಮುಖ. ಶ್ರವಣ ಸಾಧನವನ್ನು, ನಮ್ಮವರು ಹೇಳುವ ಕಿವಿ ಮಿಷನ್ನನ್ನು, ಮಗುವಿಗೆ ಹಾಕಿಸಲು ನಾಚಿದ ತಾಯಿಯನ್ನೇ ನೋಡಿ. ಕನ್ನಡಕ ಹಾಕಿದ ಮಗುವನ್ನು ಜಾಣನೆನ್ನುವ ಇದೇ ಸಮಾಜ, ಕಿವಿಯ ಸಾಧನವನ್ನು ದುಪಟ್ಟಾದೊಳಗೆ ಅಡಗಿಸುತ್ತದೆ. ಆದರೆ ಮೊದಲು ಒಂದು ವಾರ ಹಾಕಿ, ದಿನವೂ ಕುಳಿತು ‘ಪಾನಿ’, ‘ಚಮಚ’, ‘ಬಾ’ ಎಂದು ನೂರು ಸಲ ಹೇಳಿಸುವಷ್ಟರಲ್ಲಿ, ಆ ಸಾಧನ ಆಕೆಗೆ ಅವಮಾನದ ಗುರುತಾಗಿ ಉಳಿಯುವುದಿಲ್ಲ. ಬ್ಯಾಟರಿ ಮುಗಿದರೆ ಅಂಗಡಿಗೆ ಓಡುವವಳು ಅವಳೇ. ಶ್ರಮ ಹಾಕಿದ್ದರ ಮೇಲೆ ಮಮತೆ ಬೆಳೆಯುತ್ತದೆ. ಸಾಧನ ನೆರವಾಗದ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಶಸ್ತ್ರಚಿಕಿತ್ಸೆಯಿದೆ. ಲಕ್ಷಾಂತರ ರೂಪಾಯಿ ವೆಚ್ಚದ ಅದಕ್ಕೆ ಅರ್ಹ ಮಕ್ಕಳಿಗೆ ಸರಕಾರದ ನೆರವೂ ಇದೆ, ಆದರೆ ಚಿಕ್ಕ ವಯಸ್ಸಿನಲ್ಲೇ ಹೋಗಬೇಕು. ಸಂಜ್ಞಾ ಭಾಷೆಯನ್ನು ಕಲಿಸುವುದನ್ನು ಸೋಲೆಂದು ಬಗೆಯುವುದೂ ಸರಿಯಲ್ಲ. ಅದು ವ್ಯಾಕರಣವಿರುವ ಪೂರ್ಣ ಭಾಷೆ.

ತೊದಲುವ ಮಗುವಿನ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಮದ್ರಸಾದಲ್ಲಿ ಎಲ್ಲರೊಂದಿಗೆ ಲಯಬದ್ಧವಾಗಿ ಓದುವಾಗ ಇಂತಹ ಹುಡುಗ ಹೆಚ್ಚಾಗಿ ತೊದಲುವುದಿಲ್ಲ. ಮನೆಗೆ ಬಂದು ಮಾತನಾಡುವಾಗ ತೊದಲುತ್ತಾನೆ. ‘ಓದುವಾಗ ಬರುತ್ತದೆ, ಮಾತಾಡುವಾಗ ಬರುವುದಿಲ್ಲವೇ? ಬೇಕೆಂದೇ ಮಾಡುತ್ತಾನೆ’ ಎಂದು ತಂದೆ ಗದರಿಸುತ್ತಾರೆ. ವಾಸ್ತವದಲ್ಲಿ, ಒಟ್ಟಾಗಿ ಓದುವಾಗ ಮತ್ತು ರಾಗವಾಗಿ ಹೇಳುವಾಗ ತೊದಲು ಕಡಿಮೆಯಾಗುವುದು ಲೋಕದೆಲ್ಲೆಡೆ ಕಂಡುಬಂದಿರುವ ಸಂಗತಿ. ಅದು ಆ ತೊಂದರೆಯ ಸ್ವಭಾವವೇ ಹೊರತು ನಟನೆಯಲ್ಲ. ಗದರಿಕೆಗೆ ಹೆದರಿ ಹುಡುಗ ಮಾತು ಕಡಿಮೆ ಮಾಡುತ್ತಾನೆ, ಮಾತು ಕಡಿಮೆಯಾದುದನ್ನು ಕಂಡು ಜನರು ಅವನನ್ನು ಮಂದಬುದ್ಧಿಯೆನ್ನುತ್ತಾರೆ, ಕೊನೆಗೆ ಅವನೂ ಅದನ್ನೇ ನಂಬುತ್ತಾನೆ. ತನ್ನ ನಾಲಿಗೆಯ ತೊಡಕನ್ನು ಬಿಡಿಸಬೇಕೆಂದು ಪ್ರಾರ್ಥಿಸಿದ ಪ್ರವಾದಿ ಮೂಸಾರನ್ನು(ಅ) ಫಿರ್‌ಔನನ ಆಸ್ಥಾನಕ್ಕೆ ಮಾತನಾಡಲೆಂದೇ ಕಳಿಸಲಾಯಿತು ಎಂಬುದು ನಮ್ಮ ಮಕ್ಕಳಿಗೂ ಗೊತ್ತು. ಹಕ್ಲಾ ಎಂದು ಕರೆಯುವವರಿಗೂ ಗೊತ್ತು.

ಆ ಸಂಸ್ಥೆಯ ಹೊರರೋಗಿ ವಿಭಾಗದ ಬೆಂಚುಗಳ ಮೇಲೆ ಸ್ವಲ್ಪ ಹೊತ್ತು ಕುಳಿತವರಿಗೆ ಇನ್ನೊಂದು ಸಂಗತಿ ಕಾಣುತ್ತದೆ. ಬುರ್ಖಾ ತೊಟ್ಟ ತಾಯಿಯ ಪಕ್ಕ ಮಂಡ್ಯದ ಕಡೆಯ ಒಕ್ಕಲಿನ ತಾಯಿ, ಅವರ ಪಕ್ಕ ಕೇರಳದಿಂದ ಬಂದವರು. ‘ನಿಮ್ಮ ಮಗುವಿಗೆ ಎಷ್ಟು ವರ್ಷ? ಯಾವ ಮಿಷನ್ನು? ಏನೇನು ಪದ ಹೇಳುತ್ತದೆ?’ ಎಂದು ಮಾತು ಶುರುವಾಗುತ್ತದೆ. ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿ ಬರೆದ ಪೂರ್ವಗ್ರಹದ ಕುರಿತ ಗ್ರಂಥದಲ್ಲಿ, ಎರಡು ಸಮುದಾಯಗಳು ಬರಿದೇ ಅಕ್ಕಪಕ್ಕದಲ್ಲಿದ್ದರೆ ಪೂರ್ವಗ್ರಹ ಕರಗದು, ಸಮಾನ ಸ್ಥಾನ, ಒಂದೇ ಗುರಿ, ಪರಸ್ಪರ ಸಹಕಾರ ಮತ್ತು ಮೇಲಿನವರ ಬೆಂಬಲ ಬೇಕು ಎಂದು ಹೇಳಿದ್ದರು. ಆ ಬೆಂಚಿನಲ್ಲಿ ಈ ನಾಲ್ಕೂ ಇವೆ. ಹೊರಗೆ ಇವುಗಳಲ್ಲಿ ಒಂದೂ ಉಳಿಯದಂತೆ ನೋಡಿಕೊಳ್ಳುವ ರಾಜಕೀಯ ನಡೆಯುತ್ತಿದೆ. ಬಡಾವಣೆಗಳು ಬೇರೆ, ಶಾಲೆಗಳು ಬೇರೆ, ಒಬ್ಬರ ಬಗ್ಗೆ ಇನ್ನೊಬ್ಬರು ತಿಳಿಯುವುದು ಟಿ.ವಿ. ಚರ್ಚೆಗಳಿಂದ ಮತ್ತು ಮೊಬೈಲಿಗೆ ಬರುವ ಸಂದೇಶಗಳಿಂದ. ಈ ಪ್ರತ್ಯೇಕತೆಯಿಂದ ಯಾರಿಗೆ ಮತ ಸಿಗುತ್ತದೆಂದು ಎಲ್ಲರಿಗೂ ಗೊತ್ತಿದೆ. ನಮ್ಮ ಕಡೆಯಿಂದ ನಾವೂ ಒಳಗೇ ಕುಳಿತರೆ ಅವರ ಕೆಲಸ ಇನ್ನಷ್ಟು ಹಗುರವಾಗುತ್ತದೆ.

ನಾವು ಈ ಬಡಾವಣೆಯಲ್ಲಿ ಏನು ಮಾಡಬಹುದು? ಮಗು ಹುಟ್ಟಿದ ಮನೆಗೆ ಹೋದಾಗ ತೂಕ ಎಷ್ಟು, ಹಾಲು ಕುಡಿಯುತ್ತದೆಯೇ ಎಂದು ಕೇಳುತ್ತೇವೆ. ಏಳನೇ ದಿನದ ಅಕೀಕಾಕ್ಕೆ ಹೋದವರು ಕಿವಿಯ ತಪಾಸಣೆ ಆಯಿತೇ ಎಂದೂ ಕೇಳಲಿ. ನಾಲ್ಕು ಮನೆಯಲ್ಲಿ ಕೇಳಿದರೆ ಐದನೇ ಮನೆಯಲ್ಲಿ ಅದು ಅವಮಾನದ ಪ್ರಶ್ನೆಯಾಗಿರುವುದಿಲ್ಲ. ಜಮಾಅತ್ತಿನ ಹಿರಿಯರು ಜುಮಾದ ನಂತರ ಎರಡು ನಿಮಿಷ ಇದನ್ನು ಹೇಳಲಿ. ಒಬ್ಬಳೇ ಹೋಗಲಾರದ ತಾಯಂದಿರ ಜೊತೆಗೆ ಹೋಗಿ, ಚೀಟಿ ಮಾಡಿಸಿ, ಸಂಜೆಯವರೆಗೆ ಜೊತೆಗಿದ್ದು ಮರಳಿ ಕರೆತರಲು ಇಲ್ಲಿ ಕುಳಿತಿರುವ ಕೆಲವು ಸಹೋದರಿಯರು ಸಿದ್ಧರಿದ್ದಾರೆ. ಆಟೋ ಬಾಡಿಗೆಯ ಹೊಣೆಯನ್ನು ಇಬ್ಬರು ಸಹೋದರರು ಹೊತ್ತಿದ್ದಾರೆ. ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ ಮಾತು ತಡವಾದ ಮಗುವಿದ್ದರೆ, ಸಭೆ ಮುಗಿದ ಮೇಲೆ ಮಹಿಳೆಯರ ವಿಭಾಗದ ಬಾಗಿಲ ಬಳಿ ಅವರನ್ನು ಕಂಡು ತಿಳಿಸಿರಿ. ಮಗುವಿನ ಹೆಸರು ಬರೆಸಬೇಕಾಗಿಲ್ಲ. ಯಾವ ದಿನ ಹೊರಡಬಹುದೆಂದು ಹೇಳಿದರೆ ಸಾಕು.